ಹಗ್ಗದ ಗಂಟಿನಿಂದ ಕಂಚಿನವರೆಗೆ: ಮೃಣಾಲಿನಿ ಮುಖರ್ಜಿ ಸಿಂಹಾವಲೋಕನ

(ದೃಶ್ಯ: ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ ಇರುವ ದೆಹಲಿಯ ಜೈಪುರ ಹೌಸ್, ಹೊರನೋಟ)

ನಮಸ್ಕಾರ. ಕಲಾವಿದರೊಬ್ಬರ ಜೀವಮಾನದ ಕೆಲಸವನ್ನು ಒಂದೇ ಸೂರಿನಡಿ ತಂದು ತೋರಿಸುವುದನ್ನು ಕನ್ನಡದಲ್ಲಿ ಸಿಂಹಾವಲೋಕನ ಪ್ರದರ್ಶನ ಎನ್ನುತ್ತೇವೆ. ಸಾಗುತ್ತಿರುವ ಸಿಂಹ ನಡುವೆ ನಿಂತು, ತಾನು ಬಂದ ದಾರಿಯತ್ತ ತಿರುಗಿ ನೋಡುವ ಚಿತ್ರ ಆ ಪದದಲ್ಲಿದೆ. ಶಿಲ್ಪಿ ಮೃಣಾಲಿನಿ ಮುಖರ್ಜಿಯವರ ಅಂಥ ಪ್ರದರ್ಶನ 2015ರ ಜನವರಿ ಕೊನೆಯಲ್ಲಿ ದೆಹಲಿಯ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಯಲ್ಲಿ ತೆರೆಯಿತು. ಕೆಲವೇ ದಿನಗಳಲ್ಲಿ, ಫೆಬ್ರುವರಿ 2ರಂದು, ಅವರು ತೀರಿಕೊಂಡರು. ಅವರಿಗಾಗ 65 ವರ್ಷ.

ಮೃಣಾಲಿನಿ ಹುಟ್ಟಿದ್ದು 1949ರಲ್ಲಿ, ಮುಂಬೈಯಲ್ಲಿ. ತಾಯಿ ಲೀಲಾ ಕೂಡ ಶಿಲ್ಪಿ. ತಂದೆ ಬಿನೋದ್ ಬಿಹಾರಿ ಮುಖರ್ಜಿ ಶಾಂತಿನಿಕೇತನದ ಹೆಸರಾಂತ ಚಿತ್ರಕಾರ. ಮಗಳು ಇನ್ನೂ ಚಿಕ್ಕವಳಿರುವಾಗಲೇ ಪೂರ್ತಿ ದೃಷ್ಟಿ ಕಳೆದುಕೊಂಡ ಆ ತಂದೆ, ಅನಂತರವೂ ಬೆರಳ ಸ್ಪರ್ಶವನ್ನೇ ನಂಬಿ ಕಾಗದ ಕತ್ತರಿಸಿ ಅಂಟಿಸಿ ಕೃತಿಗಳನ್ನು ರಚಿಸಿದರು. ಮಗಳ ಕಲೆಯ ಮೂಲ ಅಲ್ಲೇ ಇದೆ ಎಂದು ಹೇಳಿಬಿಡುವುದು ಅವಸರದ ಮಾತಾದೀತು. ಆದರೂ ಅವರ ಕೃತಿಗಳ ಮುಂದೆ ನಿಂತವರಿಗೆ ಆ ನೆನಪು ಬಾರದಿರದು.

(ದೃಶ್ಯ: ನಾರಿನ ಶಿಲ್ಪದ ಗಂಟುಗಳು, ಅತಿ ಹತ್ತಿರದಿಂದ)

ಬರೋಡಾದಲ್ಲಿ ಕಲಾವಿದ ಕೆ.ಜಿ. ಸುಬ್ರಮಣ್ಯನ್ ಅವರ ಬಳಿ ಕಲಿತ ಮೃಣಾಲಿನಿ, 1970ರ ದಶಕದ ಆರಂಭದಲ್ಲಿ ಸೆಣಬಿನ ಹಗ್ಗವನ್ನು ಕೈಗೆತ್ತಿಕೊಂಡರು. ಅವರಿಗೆ ಮಗ್ಗ ಬೇಕಿರಲಿಲ್ಲ. ಮೊದಲೇ ಬರೆದಿಟ್ಟ ನಕ್ಷೆಯೂ ಇರುತ್ತಿರಲಿಲ್ಲ. ಬಣ್ಣ ಹಾಕಿದ ಹಗ್ಗವನ್ನು ಗಂಟಿನ ಮೇಲೆ ಗಂಟು ಹಾಕುತ್ತ ಹೋದಂತೆ ಮಡಿಕೆ ಮೂಡಿ, ಮಡಿಕೆ ಉಬ್ಬಿ, ಕೊನೆಗೆ ಮನುಷ್ಯನ ಎತ್ತರವನ್ನೂ ಮೀರಿದ ಆಕೃತಿಯೊಂದು ನಿಲ್ಲುತ್ತಿತ್ತು. ಒಂದೊಂದು ಕೃತಿಗೂ ತಿಂಗಳುಗಟ್ಟಲೆ ದುಡಿಮೆ. ‘ರುದ್ರ’ (1982), ‘ಯಕ್ಷಿ’ (1984), ‘ವನಶ್ರೀ’ (1994) ಎಂಬ ಹೆಸರುಗಳು ದೇವತೆಗಳನ್ನು ನೆನಪಿಸಿದರೂ ಇವು ದೇವರ ಮೂರ್ತಿ ಹೀಗೇ ಇರಬೇಕೆಂಬ ಯಾವ ಪ್ರತಿಮಾಲಕ್ಷಣಕ್ಕೂ ಬದ್ಧವಾದವಲ್ಲ. ಅರಳುವ ಹೂವು, ಮನುಷ್ಯದೇಹ, ದೈವ ಈ ಮೂರೂ ಒಂದೇ ಮಡಿಕೆಯೊಳಗೆ ಬೆರೆತಿವೆ. ಹಗ್ಗದ ಕೆಲಸವೆಂದರೆ ಶಿಲ್ಪವಲ್ಲ, ಬರೀ ಕರಕುಶಲ ಎಂದು ಪಕ್ಕಕ್ಕೆ ಸರಿಸುವ ಧೋರಣೆ ಬಲವಾಗಿದ್ದ ಕಾಲವದು. ಅದು ಅನ್ಯಾಯವೆಂದೇ ನನ್ನ ಅಭಿಪ್ರಾಯ. ಭಾರ, ಪೊಳ್ಳು, ನಿಲುವು ಎಂಬ ಶಿಲ್ಪದ ಪ್ರಶ್ನೆಗಳನ್ನೆಲ್ಲ ಆ ಗಂಟುಗಳು ಎದುರಿಸಿವೆ.

1990ರ ದಶಕದ ನಡುವಿನಲ್ಲಿ ಅವರು ಸುಟ್ಟ ಮಣ್ಣಿನತ್ತ, 2000ದ ನಂತರ ಕಂಚಿನತ್ತ ಹೊರಳಿದರು. ಕಂಚಿಗಾಗಿ ಮೊದಲು ಮೇಣವನ್ನು ಕೈಯಾರೆ ರೂಪಿಸಿ, ಅದರ ಸುತ್ತ ಅಚ್ಚು ಕಟ್ಟಿ, ಮೇಣ ಕರಗಿ ಹರಿದುಹೋದ ಜಾಗಕ್ಕೆ ಲೋಹ ಹೊಯ್ಯುವ ಹಳೆಯ ಪದ್ಧತಿಯನ್ನು ಬಳಸಿದರು.

(ದೃಶ್ಯ: ನಾರಿನ ಶಿಲ್ಪ ಮತ್ತು ಕಂಚಿನ ಶಿಲ್ಪ, ಅಕ್ಕಪಕ್ಕ)

ಈ ಮೂರು ಮಾಧ್ಯಮಗಳನ್ನು ಬೇರೆಬೇರೆ ಸಂದರ್ಭದಲ್ಲಿ ಕಂಡವರಿಗೆ ಮೂವರು ಶಿಲ್ಪಿಗಳ ಕೆಲಸದಂತೆ ತೋರಬಹುದು. ಒಟ್ಟಿಗೆ ಇಟ್ಟಾಗ ಮಾತ್ರ, ಹಗ್ಗದಲ್ಲಿ ಜೋತುಬಿದ್ದ ಅದೇ ಮಡಿಕೆ ಕಂಚಿನಲ್ಲಿ ತಾಳೆಗರಿಯಂತೆ ಸೆಟೆದು ನಿಂತಿರುವುದು ಕಣ್ಣಿಗೆ ಬೀಳುತ್ತದೆ. 2019ರಲ್ಲಿ ನ್ಯೂಯಾರ್ಕಿನ ಕಲಾ ಸಂಗ್ರಹಾಲಯ ಮೆಟ್ ಬ್ರೂಯರ್‌ನಲ್ಲಿ ಈ ಕೃತಿಗಳು ಮತ್ತೆ ಒಂದುಗೂಡಿದವು. ಹಗ್ಗವನ್ನು ಬಿಟ್ಟ ಮೇಲೂ ಬೆರಳುಗಳು ಮಡಿಕೆಯನ್ನು ಬಿಟ್ಟಿರಲಿಲ್ಲ ಎಂಬುದನ್ನು ಅಲ್ಲಿನ ನೋಡುಗರೂ ಕಂಡರು.