ಕನ್ನಡಕ ತೆಗೆದ ಮೇಲಿನ ಪಾಠ

ಕೇಳುಗರಿಗೆ ನಮಸ್ಕಾರ.

ಧಾರವಾಡ, ಗದಗ, ಹಾವೇರಿ ಕಡೆಯ ಸಾಲಿಗಳಲ್ಲಿ ಒಂದೇ ಬೆಂಚಿನ ಮೇಲೆ ಮನೆಯಲ್ಲಿ ಕನ್ನಡ ಆಡುವ ಹುಡುಗ, ಉರ್ದು ಆಡುವ ಹುಡುಗ, ಮರಾಠಿ ಆಡುವ ಹುಡುಗಿ, ತಾಂಡಾದಿಂದ ನಡೆದು ಬರುವ ಹುಡುಗಿ ಕೂತಿರುತ್ತಾರೆ. ಏಳೆಂಟು ವರ್ಷ ಹೀಗೆ ಕೂತರೂ ಒಬ್ಬರ ಮನೆಯ ಒಳಗು ಇನ್ನೊಬ್ಬರಿಗೆ ಗೊತ್ತಿರುವುದಿಲ್ಲ. ವಿಆರ್, ಅಂದರೆ ವರ್ಚುವಲ್ ರಿಯಾಲಿಟಿ ಕನ್ನಡಕ ಹಾಕಿಸಿ, ಪಾತ್ರ ಕೊಟ್ಟು, ಆ ಒಳಗನ್ನು ಕಲಿಸಬಹುದೇ? ಕಲಿಸಬಹುದು. ಆದರೆ ಕಲಿಕೆ ನಡೆಯುವುದು ಹೆಚ್ಚಾಗಿ ಕನ್ನಡಕ ತೆಗೆದ ಮೇಲೆ.

ವಿಆರ್ ನೋಡಿದರೆ ಸಾಕು, ಸಹಾನುಭೂತಿ ತಾನಾಗಿ ಹುಟ್ಟುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಅದು ಅರ್ಧ ನಿಜ. 2021ರಲ್ಲಿ ಹಲವು ಪ್ರಯೋಗಗಳ ಫಲಿತಾಂಶವನ್ನು ಕೂಡಿಸಿ ನೋಡಿದಾಗ, ವಿಆರ್ ಮನಸ್ಸನ್ನು ಕರಗಿಸುತ್ತದೆ, ಆದರೆ ಇನ್ನೊಬ್ಬರ ಜಾಗದಲ್ಲಿ ನಿಂತು ಯೋಚಿಸುವುದನ್ನು ಕಲಿಸುವುದಿಲ್ಲ ಎಂದು ಕಂಡುಬಂತು. ಇನ್ನೂ ಹಿಂದೆ, 2009ರಲ್ಲಿ, ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಜನರಿಗೆ ಕಪ್ಪುವರ್ಣೀಯರ ರೂಪ ಕೊಟ್ಟು ನೌಕರಿ ಸಂದರ್ಶನಕ್ಕೆ ಕೂರಿಸಿದರು. ಅವರೊಳಗಿನ ಪೂರ್ವಗ್ರಹ ತಗ್ಗಲಿಲ್ಲ, ಹೆಚ್ಚಾಗಿಯೇ ಕಂಡಿತು. ಆ ರೂಪ ಹಳೆಯ ಕಲ್ಪನೆಗಳನ್ನೇ ಕೆದಕಿ ಎಬ್ಬಿಸಿತ್ತು. ಹಾಗಾಗಿ ಮಕ್ಕಳಿಗೆ ಬೇರೆಯವರ ಮೈಬಣ್ಣ, ಉಡುಪು ತೊಡಿಸುವ ಪಾಠ ಬೇಡ. ಬೇರೆಯವರು ದಿನವೂ ಎದುರಿಸುವ ಸನ್ನಿವೇಶದೊಳಗೆ ಕೂರಿಸಬೇಕು.

ಅಂಥ ಒಂದು ದೃಶ್ಯ ಹೇಳುತ್ತೇನೆ. ಮೂರು ನಿಮಿಷದ್ದು. ಕನ್ನಡ ಸಾಲಿಯಲ್ಲಿ ತಾಂಡಾದ ಹುಡುಗಿ ಎದುರಿಸುವುದನ್ನೇ ತಿರುವಿ ಹಾಕಿದ್ದು. ಸಾಲಿಯ ಮೊದಲ ದಿನ. ಕನ್ನಡಕ ಹಾಕಿಕೊಂಡ ಮಗು ಎರಡನೇ ಸಾಲಿನಲ್ಲಿ ಕೂತಿದೆ. ಟೀಚರು ಆಡುವುದು ಗೋರಬೋಲಿ, ಲಂಬಾಣಿಗರ ಮನೆಮಾತು. ಸುತ್ತಲಿನ ಮಕ್ಕಳದೂ ಅದೇ ಮಾತು. ಟೀಚರು ನೇರ ಇತ್ತ ನೋಡಿ ಏನೋ ಕೇಳುತ್ತಾರೆ. ‘ಪಾಣಿ’ ಅಂದದ್ದೊಂದು ತಿಳಿಯಿತು, ಮಿಕ್ಕದ್ದು ತಿಳಿಯಲಿಲ್ಲ. ಮತ್ತೊಮ್ಮೆ, ಸ್ವಲ್ಪ ಜೋರಾಗಿ ಕೇಳುತ್ತಾರೆ. ಹಿಂದೆ ಎಡಗಡೆ ಯಾರೋ ಕಿಸಕ್ಕನೆ ನಗುತ್ತಾರೆ. ಮಗು ಗಕ್ಕನೆ ಹಿಂದಿರುಗಿ ನೋಡುತ್ತದೆ. ಹೀಗೆ ತಿರುಗಿ ನೋಡುವುದು ಟಿವಿಯಲ್ಲಿ ಆಗುವುದಿಲ್ಲ. ವಿಆರ್ ಬೇಕಾಗುವುದೇ ಇದಕ್ಕೆ.

ಈ ದೃಶ್ಯದ ದೊಡ್ಡ ಲಾಭ ಬೇರೆ ಇದೆ. ತರಗತಿಯಲ್ಲಿ ಇದು ಪೂರ್ತಿ ಅರ್ಥವಾಗುವುದು ತಾಂಡಾದ ಮಕ್ಕಳಿಗೆ ಮಾತ್ರ. ಟೀಚರು ಏನು ಕೇಳಿದರು ಅಂತ ಉಳಿದವರು ಅವರನ್ನೇ ಕೇಳಬೇಕು. ಮನಶ್ಶಾಸ್ತ್ರಜ್ಞ ಗಾರ್ಡನ್ ಆಲ್‌ಪೋರ್ಟ್ 1954ರಲ್ಲೇ ಹೇಳಿದ್ದರು: ಎರಡು ಗುಂಪಿನವರು ಬರೀ ಒಂದೆಡೆ ಕೂಡಿದರೆ ಸಾಲದು, ಸರಿಸಮಾನ ಸ್ಥಾನ, ಒಂದೇ ಗುರಿ, ಕೂಡಿ ಮಾಡುವ ಕೆಲಸ, ಹಿರಿಯರ ಬೆಂಬಲ, ಇಷ್ಟೂ ಇರಬೇಕು. ಆದರೆ ತಾಂಡಾದ ಮಗು ‘ನಾ ಒಲ್ಲೆ’ ಅಂದರೆ ಒತ್ತಾಯ ಬೇಡ. ಇಡೀ ಸಮುದಾಯದ ಪರವಾಗಿ ಮಾತಾಡುವ ಹೊರೆ ಒಂದು ಮಗುವಿನದಲ್ಲ.

ದೃಶ್ಯ ಬರೆಯುವುದು ತಾಂಡಾದವರ ಜೊತೆ ಕೂತೇ. ನಾಯಕರು, ತಾಯಂದಿರು, ಓದಿದ ಹುಡುಗರು ಇರಲಿ. ನಟಿಸುವ ಮಕ್ಕಳ ಪಾಲಕರಿಂದ ಲಿಖಿತ ಒಪ್ಪಿಗೆ ಪಡೆಯಿರಿ. ಚಿತ್ರವನ್ನು ಮೊದಲು ಅವರಿಗೇ ತೋರಿಸಿ, ಬೇಡ ಅಂದದ್ದನ್ನು ತೆಗೆಯಿರಿ.

ಚಿತ್ರೀಕರಣಕ್ಕೆ 360 ಡಿಗ್ರಿ ಕ್ಯಾಮೆರಾ ಬೇಕು. ಅದರ ಹಿಂದೆ ಮುಂದೆ ಒಂದೊಂದು ಲೆನ್ಸ್ ಇರುತ್ತದೆ. ಎರಡೂ ಚಿತ್ರಗಳನ್ನು ಹೊಲಿದು ಒಂದು ಮಾಡುತ್ತಾರೆ. ಆ ಹೊಲಿಗೆಯ ಗೆರೆಯ ಮೇಲೆ ಯಾರಾದರೂ ಹತ್ತಿರ ನಿಂತರೆ ಮುಖ ಸೀಳಿದ ಹಾಗೆ ಕಾಣುತ್ತದೆ. ಟೀಚರ ಪಾತ್ರದವರು ಒಂದು ಲೆನ್ಸಿಗೆ ನೇರವಾಗಿ, ಐದು ಅಡಿ ದೂರ ನಿಲ್ಲಲಿ. ಕ್ಯಾಮೆರಾ ಮೂರೂವರೆ ಅಡಿ ಎತ್ತರದಲ್ಲಿರಲಿ, ಕೂತ ಮಗುವಿನ ಕಣ್ಣಿನ ಮಟ್ಟಕ್ಕೆ. ದೊಡ್ಡವರ ಎತ್ತರಕ್ಕಿಟ್ಟರೆ ಮಗು ಗಾಳಿಯಲ್ಲಿ ತೇಲಿದಂತಾಗಿ ಎಲ್ಲರನ್ನೂ ಮೇಲಿನಿಂದ ನೋಡುತ್ತದೆ. ಸಮಾನತೆಯ ಪಾಠ ಅಲ್ಲೇ ಕೆಟ್ಟಿತು. ಕ್ಯಾಮೆರಾ ಸರಿದಾಡಲೇಬಾರದು. ಸರಿದರೆ ಕಣ್ಣು ‘ಹೊರಟಿದ್ದೇನೆ’ ಅನ್ನುತ್ತದೆ, ಒಳಗಿವಿ ‘ಕೂತಿದ್ದೇನೆ’ ಅನ್ನುತ್ತದೆ, ಹೊಟ್ಟೆ ತೊಳಸುತ್ತದೆ. ಸುತ್ತಲಿನ ಇಡೀ ಚಿತ್ರದ ಅಗಲಕ್ಕೆ 5760 ಪಿಕ್ಸೆಲ್, ಅಂದರೆ ಚುಕ್ಕೆ, ಇದ್ದರೂ ಕಣ್ಣಿಗೆ ಒಮ್ಮೆಗೆ ಬೀಳುವುದು ಅದರ ಕಾಲು ಭಾಗ, 1440. ಆದ್ದರಿಂದ ಹಲಗೆಯ ಮೇಲೆ ಅಕ್ಷರ ದಪ್ಪಗೆ ಬರೆಯಿರಿ.

ಇನ್ನು ನಗುವಿನ ಸದ್ದು. ಸಾಧಾರಣ ಸ್ಟೀರಿಯೊ ಧ್ವನಿ ತಲೆಯ ಜೊತೆಗೇ ತಿರುಗುತ್ತದೆ, ಹಿಂದೆ ಉಳಿಯುವುದಿಲ್ಲ. ಸುಲಭದ ಉಪಾಯವೆಂದರೆ ಎಲ್ಲ ಕುರ್ಚಿಗಳನ್ನೂ ಒಂದೇ ದಿಕ್ಕಿಗೆ ಹಾಕಿ, ಕೋಣೆಯ ಹಿಂದೆ ಎಡ ಮೂಲೆಯಲ್ಲಿ ನಿಜವಾದ ಸ್ಪೀಕರ್ ಇಡುವುದು. ಒಂದು, ಎರಡು, ಮೂರು ಅಂದಾಗ ಎಲ್ಲರೂ ಒಟ್ಟಿಗೆ ಶುರು ಮಾಡಬೇಕು.

ರಟ್ಟಿನ ಕನ್ನಡಕದೊಳಗೆ ಮೊಬೈಲ್ ಇಟ್ಟೂ ನಡೆಸಬಹುದು. ಆದರೆ ಆ ಮೊಬೈಲಿನಲ್ಲಿ ಗೈರೊಸ್ಕೋಪ್, ಅಂದರೆ ಫೋನು ತಿರುಗಿದ್ದನ್ನು ಗುರುತಿಸುವ ಸಾಧನ, ಇರಬೇಕು. 360 ಡಿಗ್ರಿ ವಿಡಿಯೊ ಹಾಕಿ ಫೋನು ಹಿಡಿದು ಸುತ್ತ ತಿರುಗಿ ನೋಡಿ. ಚಿತ್ರವೂ ತಿರುಗಿದರೆ ಇದೆ ಅಂತ ಅರ್ಥ. ಅಗ್ಗದ ಫೋನುಗಳಲ್ಲಿ ಎಷ್ಟೋ ಸಲ ಇರುವುದಿಲ್ಲ. ಏಪ್ರಿಲ್ ಬಿಸಿಲಿಗೆ ಫೋನು ಕಾದು ನಿಂತುಬಿಡುತ್ತದೆ, ಮುಂಜಾನೆಯ ಪಿರಿಯಡ್ಡೇ ಒಳ್ಳೆಯದು. ದೊಡ್ಡ ಹೆಡ್‌ಸೆಟ್ಟನ್ನು ಕಿಟಕಿಯ ಹತ್ತಿರ ಲೆನ್ಸ್ ಹೊರಮುಖವಾಗಿ ಇಡಬೇಡಿ. ಲೆನ್ಸು ಬಿಸಿಲನ್ನು ಕೂಡಿಸಿ ಒಳಗಿನ ಪರದೆಯನ್ನೇ ಸುಡುತ್ತದೆ, ಅದಕ್ಕೆ ರಿಪೇರಿ ಇಲ್ಲ. ಲೆನ್ಸನ್ನು ಮೆತ್ತನೆಯ ಒಣ ಬಟ್ಟೆಯಿಂದ ಮಾತ್ರ ಒರೆಸಿ, ಸ್ಯಾನಿಟೈಸರ್ ಹಚ್ಚಬೇಡಿ. ಮುಖಕ್ಕೆ ತಾಗುವ ಭಾಗಕ್ಕೆ ಮಗುವಿಗೊಂದರಂತೆ ಕಾಗದದ ಹೊದಿಕೆ ಇರಲಿ. ಹೇನು, ಕಣ್ಣುಬೇನೆ ಹಬ್ಬಿದರೆ ಪಾಲಕರು ಮತ್ತೆ ಒಪ್ಪುವುದಿಲ್ಲ.

ಲೆಕ್ಕ ಹೀಗೆ: ನಲವತ್ತು ಮಕ್ಕಳು, ಐದು ಕನ್ನಡಕ. ಒರೆಸಿ, ಪಟ್ಟಿ ಸರಿಮಾಡಿ, ನೋಡಿ, ತೆಗೆದು ಒಂದು ನಿಮಿಷ ಸುಮ್ಮನೆ ಕೂರಲು ತಲಾ ಎಂಟು ನಿಮಿಷ. ಎಲ್ಲರಿಗೂ ಒಂದೇ ದಿನ ತೋರಿಸಹೋದರೆ 64 ನಿಮಿಷ ಬೇಕು, ಪಿರಿಯಡ್ ಇರುವುದು 40. ಅರ್ಧ ತರಗತಿಯಾದರೆ 32 ನಿಮಿಷದಲ್ಲಿ ಮುಗಿಯುತ್ತದೆ. ಮರುದಿನ ಇನ್ನರ್ಧ. ಮೂರನೇ ದಿನ ಪೂರ್ತಿ ಮಾತುಕತೆಗೆ. ಬಹಳ ಕಡೆ ಬಿಟ್ಟುಹೋಗುವುದು ಈ ಮೂರನೇ ದಿನವೇ.

ಆ ದಿನ ಮೊದಲ ಪ್ರಶ್ನೆ ‘ನಿಮಗೇನು ಅನಿಸಿತು?’ ಅಂತ ಇರಬಾರದು. ಕೇಳಿದರೆ ಬರುವ ಉತ್ತರ ಒಂದೇ: ‘ಪಾಪ ಅನಸ್ತರಿ ಸರ್.’ ಪಾಪ ಅಂದವರು ಮೇಲೆ ನಿಂತು ಕೆಳಗೆ ನೋಡುತ್ತಿರುತ್ತಾರೆ. 2015ರ ಒಂದು ಅಧ್ಯಯನದಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿಸಿ ಕುರುಡುತನದ ಅನುಭವ ಕೊಟ್ಟಾಗ, ಅಂಧರಿಗೆ ಏನೂ ಮಾಡಲಾಗದು ಎಂಬ ಭಾವನೆಯೇ ಹೆಚ್ಚಿತ್ತು. ಆದ್ದರಿಂದ ಮೊದಲು ‘ಏನು ನೋಡಿದಿರಿ?’ ಆಮೇಲೆ ‘ಏನು ಕಾಣಲಿಲ್ಲ?’ ತಾಂಡಾದಿಂದ ಬರುವ ಹುಡುಗಿಯ ಮನೆ ಕಾಣಲಿಲ್ಲ, ಆಕೆಯ ಯಾಡಿ, ಅಂದರೆ ತಾಯಿ, ಕಾಣಲಿಲ್ಲ, ಆಕೆ ಗೆಲ್ಲುವ ಆಟ ಕಾಣಲಿಲ್ಲ.

ಪಾತ್ರ ಆಡಿಸಲು ನಮ್ಮ ದೊಡ್ಡಾಟದ ಸಾರಥಿಗಿಂತ ಒಳ್ಳೆಯ ದಾರಿ ನನಗೆ ಕಾಣದು. ವೇಷ ರಂಗಕ್ಕೆ ಬಂದ ಕೂಡಲೇ ಸಾರಥಿ ಕೇಳುತ್ತಾನಲ್ಲ, ತಾವು ಯಾರು, ಎಲ್ಲಿಯವರು, ಈ ಸಭೆಗೆ ಬಂದ ಕಾರಣವೇನು ಅಂತ? ಒಂದು ಮಗು ಸಾರಥಿಯಾಗಲಿ. ಇನ್ನೊಂದು ಮಗು ಮಾತು ತಿಳಿಯದ ಹೊಸ ಹುಡುಗಿಯಾಗಲಿ, ಮತ್ತೊಂದು ಟೀಚರು, ಮಗದೊಂದು ಆ ನಕ್ಕ ಹುಡುಗ. ನಕ್ಕವನಿಗೂ ಸಾರಥಿ ಕಾರಣ ಕೇಳಲಿ, ಅವನಿಗೂ ಏನೋ ಅಂಜಿಕೆ ಇದ್ದೀತು. ಯಾರಿಗೂ ಅವರವರ ಸಮುದಾಯದ ಪಾತ್ರವನ್ನೇ ಕೊಡಬೇಡಿ. ಆಟ ಮುಗಿದ ಮೇಲೆ ಪ್ರತಿಯೊಬ್ಬರೂ ಎದ್ದು ತಮ್ಮ ಹೆಸರು, ತಮ್ಮ ಊರು ಗಟ್ಟಿಯಾಗಿ ಹೇಳಬೇಕು. ಇಲ್ಲವಾದರೆ ‘ನಕ್ಕವ’ ಎಂಬ ಹೆಸರು ಆಟದ ಮೈದಾನದವರೆಗೂ ಬೆನ್ನು ಹತ್ತುತ್ತದೆ.

ಕೊನೆಗೆ ಪ್ರತಿ ಮಗುವೂ ತಾಂಡಾದವರಿಗೆ ಒಂದು ಪ್ರಶ್ನೆ ಬರೆಯಲಿ. ಆ ಚೀಟಿಗಳನ್ನು ತಾಂಡಾಕ್ಕೆ ಕಳಿಸಿ, ಉತ್ತರದ ಜೊತೆ ಅವರ ಪ್ರಶ್ನೆಗಳನ್ನೂ ತರಿಸಿಕೊಳ್ಳಿ. ಅವಕ್ಕೆ ಉತ್ತರ ಬರೆಯಲು ಇನ್ನೊಂದು ಪಿರಿಯಡ್ಡನ್ನು ವೇಳಾಪಟ್ಟಿಯಲ್ಲಿ ಈಗಲೇ ಗುರುತು ಮಾಡಿಡಿ.

ನಮಸ್ಕಾರ.