ಅಂಚಿನ ಮೇಜಿನವರು

ಕೇಳುಗ ಬಂಧುಗಳಿಗೆ ನಮಸ್ಕಾರ.

ಹಳೆಯ ಹಾಲಿವುಡ್ ಚಿತ್ರಗಳೆಂದರೆ ನನಗೆ ಪ್ರಾಣ. ಕಾಲೇಜಿನ ದಿನಗಳಲ್ಲಿ ಹಿಡಿದ ಗೀಳು, ಕೂದಲು ನರೆತರೂ ಬಿಟ್ಟಿಲ್ಲ. ಆಗ ಬೆಂಗಳೂರಿನ ಫಿಲಂ ಸೊಸೈಟಿಯೊಂದರಲ್ಲಿ ಶನಿವಾರ ಸಂಜೆ ಚಿತ್ರ ತೋರಿಸುತ್ತಿದ್ದರು. ಬಾಡಿಗೆಗೆ ಹಿಡಿದ ಸಭಾಂಗಣ, ಮಡಚುವ ಕಬ್ಬಿಣದ ಕುರ್ಚಿ, ಬೆನ್ನ ಹಿಂದೆ ಕಟಕಟ ಅನ್ನುವ 16 ಎಂ.ಎಂ. ಪ್ರೊಜೆಕ್ಟರು. ಒಂದು ರೀಲು ಮುಗಿದರೆ ದೀಪ ಹಾಕುತ್ತಿದ್ದರು. ಇನ್ನೊಂದನ್ನು ಏರಿಸುವವರೆಗೆ ಕಾಯಬೇಕು. ‘ಕಾಸಾಬ್ಲಾಂಕಾ’ವನ್ನು ನಾನು ಮೊದಲ ಸಲ ನೋಡಿದ್ದು ಅಲ್ಲಿ.

ಕಥೆ ನಿಮ್ಮಲ್ಲಿ ಹಲವರಿಗೆ ಗೊತ್ತಿರುತ್ತದೆ. ಎರಡನೇ ಮಹಾಯುದ್ಧದ ಕಾಲ. ಜರ್ಮನರಿಂದ ತಪ್ಪಿಸಿಕೊಂಡವರು ಮೊರಾಕೋದ ಕಾಸಾಬ್ಲಾಂಕಾ ಊರಿಗೆ ಬಂದು, ಲಿಸ್ಬನ್ ಮೂಲಕ ಅಮೆರಿಕ ಸೇರಲು ಒಂದು ಕಾಗದಕ್ಕಾಗಿ ಕಾಯುತ್ತಿದ್ದಾರೆ. ಸಂಜೆ ಎಲ್ಲರೂ ಸೇರುವುದು ರಿಕ್ ಎಂಬಾತನ ಕೆಫೆಯಲ್ಲಿ. ರಿಕ್ ಆಗಿ ಹಂಫ್ರಿ ಬೋಗಾರ್ಟ್, ಅವನ ಹಳೆಯ ಪ್ರೇಯಸಿಯಾಗಿ ಇಂಗ್ರಿಡ್ ಬರ್ಗ್‌ಮನ್. ಅವರಿಬ್ಬರ ಬಗ್ಗೆ ಬೇಕಾದಷ್ಟು ಮಂದಿ ಬರೆದಿದ್ದಾರೆ. ನನ್ನ ಕಣ್ಣು ಹೋಗುವುದು ಆ ಕೆಫೆಯ ಅಂಚಿನ ಮೇಜುಗಳ ಕಡೆ.

ಒಂದು ದೃಶ್ಯ ಹೇಳುತ್ತೇನೆ. ಜರ್ಮನ್ ಅಧಿಕಾರಿಗಳು ಪಿಯಾನೋ ಸುತ್ತ ನಿಂತು ತಮ್ಮ ದೇಶದ ಹಾಡನ್ನು ಗಟ್ಟಿಯಾಗಿ ಹಾಡತೊಡಗುತ್ತಾರೆ. ಆಗ ಲಾಜ್ಲೋ ಎಂಬ ಹೋರಾಟಗಾರ ದಾಪುಗಾಲು ಹಾಕಿ ವಾದ್ಯದವರ ಬಳಿಗೆ ಹೋಗಿ, ಫ್ರಾನ್ಸಿನ ರಾಷ್ಟ್ರಗೀತೆ ನುಡಿಸಿ ಅನ್ನುತ್ತಾನೆ. ವಾದ್ಯದವರು ರಿಕ್‌ನ ಮುಖ ನೋಡುತ್ತಾರೆ. ರಿಕ್ ಒಮ್ಮೆ ತಲೆಯಾಡಿಸುತ್ತಾನೆ, ಅಷ್ಟೆ. ಕೆಫೆಗೆ ಕೆಫೆಯೇ ಎದ್ದು ನಿಂತು ಹಾಡುತ್ತದೆ. ಜರ್ಮನರ ದನಿ ಅಡಗಿಹೋಗುತ್ತದೆ. ಆ ನಡುವೆ ಒಬ್ಬ ಹುಡುಗಿಯ ಮುಖ ಪರದೆ ತುಂಬ ಬರುತ್ತದೆ. ಸ್ವಲ್ಪ ಹೊತ್ತಿಗೆ ಮುಂಚೆ ಜರ್ಮನ್ ಸೈನಿಕನ ಜೊತೆ ಒಳಗೆ ಬಂದವಳು. ಈಗ ಕೆನ್ನೆಯ ಮೇಲೆ ನೀರು. ಒರೆಸಿಕೊಳ್ಳುವುದಿಲ್ಲ, ಹಾಡೂ ನಿಲ್ಲಿಸುವುದಿಲ್ಲ.

ಸ್ವಲ್ಪ ಹೊತ್ತಿಗೆ ರೀಲು ಮುಗಿದು ದೀಪ ಹತ್ತಿತು. ನನ್ನ ಮುಂದಿನ ಸಾಲಿನ ಹಿರಿಯರೊಬ್ಬರು ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸುತ್ತಿದ್ದರು. ಬಹಳ ಹೊತ್ತು ಒರೆಸಿದರು.

ಆ ನಟಿಯ ಹೆಸರು ಮ್ಯಾಡ್ಲಿನ್ ಲೆಬೋ ಎಂದು ನಾನು ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಚಿತ್ರೀಕರಣ ನಡೆದದ್ದು 1942ರಲ್ಲಿ, ಕ್ಯಾಲಿಫೋರ್ನಿಯಾದ ವಾರ್ನರ್ ಬ್ರದರ್ಸ್ ಸ್ಟುಡಿಯೋದಲ್ಲಿ. ಆಕೆಗೆ ಆಗ ಬರೀ 19. ಎರಡು ವರ್ಷದ ಹಿಂದೆ ಜರ್ಮನ್ ಸೇನೆ ಪ್ಯಾರಿಸ್ಸಿಗೆ ನುಗ್ಗುವ ಹೊತ್ತಿಗೆ ಗಂಡನ ಜೊತೆ ಊರು ಬಿಟ್ಟು, ಲಿಸ್ಬನ್ ತಲುಪಿ, ಹಡಗು ಹತ್ತಿ ಬಂದಿದ್ದಳು. ಆಕೆ ಕಣ್ಣೀರಿಟ್ಟು ಹಾಡುವ ದಿನವೂ ಪ್ಯಾರಿಸ್ ಜರ್ಮನರ ಕೈಯಲ್ಲೇ ಇತ್ತು. ಗಂಡ ಮಾರ್ಸೆಲ್ ದಾಲಿಯೋ ಯಹೂದಿ, ಫ್ರಾನ್ಸಿನಲ್ಲಿ ಹೆಸರಾಂತ ನಟ. ಈ ಚಿತ್ರದಲ್ಲಿ ಆತನಿಗೆ ಸಿಕ್ಕಿದ್ದು ಜೂಜಿನ ಮೇಜು ನೋಡಿಕೊಳ್ಳುವವನ ಪಾತ್ರ. ನಟರ ಪಟ್ಟಿಯಲ್ಲಿ ಹೆಸರೂ ಬರಲಿಲ್ಲ. ಅಂಥವರು ಆ ಕೆಫೆಯಲ್ಲಿ ಇನ್ನೂ ಎಷ್ಟೋ ಜನ.

ಇನ್ನು ಚಿತ್ರದ ಖಳನಾಯಕ, ಜರ್ಮನ್ ಮೇಜರ್ ಸ್ಟ್ರಾಸರ್. ಆ ಪಾತ್ರ ಮಾಡಿದ ಕಾನ್ರಾಡ್ ಫೈಟ್ ಜರ್ಮನಿಯ ದೊಡ್ಡ ನಟರು. ಹೆಂಡತಿ ಯಹೂದಿ. 1933ರಲ್ಲಿ ನಾಜಿಗಳು ಅಧಿಕಾರ ಹಿಡಿದಾಗ ದೇಶವನ್ನೇ ಬಿಟ್ಟರು. ಯಾರನ್ನು ಕಂಡರೆ ಹೇಸಿಗೆಯೋ ಅವರದೇ ಸಮವಸ್ತ್ರ ತೊಟ್ಟು, ಕಣ್ಣಲ್ಲಿ ಒಂದು ಹನಿ ಕರುಣೆ ಇಲ್ಲದಂತೆ ನಟಿಸಿದರು. 1943ರ ಏಪ್ರಿಲಿನಲ್ಲಿ, 50ನೇ ವಯಸ್ಸಿಗೇ ತೀರಿಕೊಂಡರು. ಯುದ್ಧ ಮುಗಿದದ್ದನ್ನು ನೋಡುವ ಭಾಗ್ಯ ಅವರಿಗಿರಲಿಲ್ಲ.

ಈ ಫೈಟರ ಜಾಡು ಹಿಡಿದು ಹೊರಟರೆ ನಾವು ನಮ್ಮ ಮೈಸೂರು ಸೀಮೆಗೇ ಬಂದು ಸೇರುತ್ತೇವೆ. 1940ರ ‘ದಿ ಥೀಫ್ ಆಫ್ ಬಾಗ್ದಾದ್’ ಚಿತ್ರದಲ್ಲಿ ಅವರು ದುಷ್ಟ ಮಂತ್ರಿ ಜಾಫರ್. ಅವರಿಗೆ ಎದುರಾಗಿ ನಿಲ್ಲುವ ಕಳ್ಳ ಹುಡುಗ ಅಬು ಯಾರು ಗೊತ್ತೆ? ನಮ್ಮ ಸಾಬು. ಹೆಗ್ಗಡದೇವನಕೋಟೆ ಸೀಮೆಯ ಕಾರಾಪುರದಲ್ಲಿ 1924ರಲ್ಲಿ ಹುಟ್ಟಿದ ಮಾವುತನ ಮಗ. ಅವನು ಎಂದೇ ಅನ್ನುತ್ತೇನೆ, ಮನೆಯ ಹುಡುಗನ ಮಾತಾಡಿದ ಹಾಗೆ. ಮಹಾರಾಜರ ಆನೆ ಲಾಯದಲ್ಲಿದ್ದವನು ರಾಬರ್ಟ್ ಫ್ಲಾಹರ್ಟಿಯವರ ಚಿತ್ರತಂಡದ ಕಣ್ಣಿಗೆ ಬಿದ್ದು ಲಂಡನ್ನಿಗೆ ಹೋದ. ಬಾಗ್ದಾದಿನ ಚಿತ್ರ ಅಲ್ಲಿ ಶುರುವಾಗಿ, ಯುದ್ಧದ ದೆಸೆಯಿಂದ ಅಮೆರಿಕದಲ್ಲಿ ಮುಗಿಯಿತು. ಸಾಬು ಅಲ್ಲೇ ನೆಲೆ ನಿಂತ. 1942ರಲ್ಲಿ ‘ಜಂಗಲ್ ಬುಕ್’ ಚಿತ್ರದ ಕಾಡಿನ ಹುಡುಗ ಮೌಗ್ಲಿಯಾದ, ಬಾಂಬರ್ ವಿಮಾನದಲ್ಲಿ ಗನ್ನರ್ ಆಗಿ ಯುದ್ಧಕ್ಕೂ ಹೋಗಿಬಂದ. ಬೆಳೆದು ದೊಡ್ಡವನಾದ ಮೇಲೆ ಅವನಿಗೆ ತಕ್ಕ ಪಾತ್ರಗಳನ್ನು ಹಾಲಿವುಡ್ ಕೊಡಲಿಲ್ಲ. ಆ ನೋವು ನನಗೆ ಇವತ್ತಿಗೂ ಇದೆ. 1963ರಲ್ಲಿ ಹೃದಯಾಘಾತವಾಗಿ ಹೋದಾಗ ಅವನಿಗೆ 39 ವರ್ಷ.

ಮೊನ್ನೆ ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಆ ಬಾಗ್ದಾದಿನ ಚಿತ್ರ ಹಾಕಿದ್ದೆ. ಕೊನೆಯಲ್ಲಿ ಅಬು ಅರಮನೆಯಲ್ಲಿ ಉಳಿಯಲು ಒಪ್ಪುವುದಿಲ್ಲ. ಹಾರುವ ಕಂಬಳಿಯ ಮೇಲೆ ನಿಂತು, ಹಲ್ಲೆಲ್ಲ ಕಾಣುವಂತೆ ನಗುತ್ತಾ ಊರ ಮೇಲಿಂದ ಹೊರಟುಬಿಡುತ್ತಾನೆ.

“ಅಜ್ಜ, ಇವನು ನಿಜವಾಗ್ಲೂ ನಮ್ಮ ಹೆಗ್ಗಡದೇವನಕೋಟೆ ಕಡೆಯವನಾ?”

“ಹೌದು ಪುಟ್ಟಿ.”

“ಹಾಗಾದ್ರೆ ಅವನು ಹಾರೋದು ಇನ್ನೊಂದ್ಸಲ ಹಾಕು.”

ಹಾಕಿದೆ.

ನಮಸ್ಕಾರ.