16 ಪುಟ ಕಾಣೆಯಾದ ಕಾದಂಬರಿ, ಮತ್ತೆ ಉಳಿದವು

ನಮಸ್ಕಾರ. ಕ್ಯಾಮೆರಾವನ್ನು ಅಕ್ಕಿ ಡಬ್ಬದ ಮೇಲೆ ಕೂರಿಸಿದ್ದೇನೆ, ಅದಕ್ಕೇ ನನ್ನ ತಲೆ ಅರ್ಧ ಕಾಣುತ್ತಿಲ್ಲ. ಪರವಾಗಿಲ್ಲ, ಇವತ್ತು ನೋಡಬೇಕಾದದ್ದು ಶೆಲ್ಫು. ಶಿವಮೊಗ್ಗದ ಮಳೆಗಾಲ ಗೊತ್ತಲ್ಲ, ಕೆಳಗಿನ ಸಾಲಿಗೆಲ್ಲ ಬೂಷ್ಟು ಹಿಡಿದಿದೆ. ಒರೆಸೋದನ್ನು ನೀವು ನೋಡುತ್ತಿರಿ, ನಾನು ಈಚೆಗೆ ಓದಿದ ಕಾದಂಬರಿಗಳ ಬಗ್ಗೆ ಮಾತಾಡುತ್ತಿರುತ್ತೇನೆ.

ಸ್ಟಾರು, ಮಾರ್ಕು ಕೊಡೋದೆಲ್ಲ ನನ್ನ ಹತ್ತಿರ ಇಲ್ಲ. ಒಲೆ ಮೇಲೆ ಹಾಲಿಟ್ಟು ಪುಸ್ತಕ ಹಿಡಿಯುತ್ತೇನೆ. ಹಾಲು ಉಕ್ಕಿದರೆ ಪುಸ್ತಕ ಪಾಸು.

ಮೊದಲು ಈ ದಪ್ಪದ್ದು, ವಸುಧೇಂದ್ರ ಅವರ ‘ತೇಜೋ ತುಂಗಭದ್ರಾ’. 2019ರಲ್ಲೇ ಬಂದದ್ದು, ನಾನೇ ಲೇಟು. ದಪ್ಪ ನೋಡಿ ಹೆದರಿ ಎರಡು ವರ್ಷ ಕಿಟಕಿಗೆ ಒರಗಿಸಿ ಇಟ್ಟಿದ್ದೆ, ಗಾಳಿಗೆ ಕಿಟಕಿ ಬಡಿದುಕೊಳ್ಳಬಾರದು ಅಂತ. ಕಥೆ ಒಂದು ಕಡೆ ಲಿಸ್ಬನ್ನಿನಲ್ಲಿ, ತೇಜೋ ನದಿ ದಡದಲ್ಲಿ. ಗೇಬ್ರಿಯಲ್, ಬೆಲ್ಲಾ. ಇನ್ನೊಂದು ಕಡೆ ವಿಜಯನಗರದ ಸೀಮೆ, ಹಂಪಮ್ಮ, ಕೇಶವ. ನಡುವೆ ಸಮುದ್ರ, ಹಡಗು, ನಮ್ಮ ಕಾಳುಮೆಣಸಿನ ಆಸೆ. ಹಡಗಿನ ಭಾಗ ಉದ್ದವಾಯಿತು ಅಂತ ಗೊಣಗಿದ್ದೆ. ಗೊಣಗುತ್ತಲೇ ರಾತ್ರಿ ಎರಡು ಗಂಟೆ ಮಾಡಿದ್ದೇನೆ, ಹಾಗಾಗಿ ಆ ಮಾತು ವಾಪಸ್. ಅಲ್ಲಿ ಯಹೂದಿಗಳನ್ನು ಧರ್ಮದ ಹೆಸರಲ್ಲಿ ಹಿಂಸಿಸುತ್ತಾರೆ. ಇಲ್ಲಿ ರಾಜನಿಗಾಗಿ ತಲೆ ಕೊಡುತ್ತೇನೆಂದು ಮಾತು ಕೊಟ್ಟ ಲೆಂಕರು, ಚಿತೆ ಹತ್ತಬೇಕಾದ ಹೆಂಗಸರು. ಯಾವ ದಡವೂ ಸಾಚಾ ಅಲ್ಲ. ಸ್ಕೂಲಲ್ಲಿ ವಿಜಯನಗರ ಅಂದರೆ ಬೀದಿಯಲ್ಲಿ ಮುತ್ತು ರತ್ನ ಅಳೆದರು ಅಂತ ಬಾಯಿಪಾಠ ಮಾಡಿದ್ದೆವು. ಅಳೆಯುವವರ ಪಕ್ಕದಲ್ಲಿ ನಿಂತವರ ಕಥೆ ಇದು. ಹಾಲು ಎರಡು ಸಲ ಉಕ್ಕಿತು.

ಹಾಂ, ಇದು ಅದರ ಪಕ್ಕದಲ್ಲಿಟ್ಟರೆ ಕಾಣಿಸೋದೇ ಇಲ್ಲ, ಅಷ್ಟು ತೆಳ್ಳಗೆ. ವಿವೇಕ ಶಾನಭಾಗರ ‘ಘಾಚರ್ ಘೋಚರ್’. ಒಂದು ಮಧ್ಯಾಹ್ನ ಸಾಕು. ಮುಗಿಸಿದಾಗ ನನಗೆ ಸಿಟ್ಟು ಬಂದಿತ್ತು. ಕೊನೆ ಎಲ್ಲಿದೆ ಸ್ವಾಮಿ? ಪುಟ ತಿರುಗಿಸಿದರೆ ಖಾಲಿ. ನಮ್ಮನೆಯವರಿಗೆ ಹೇಳಿದೆ, "ಇದಕ್ಕೆ ಇಷ್ಟು ಹೆಸರಾ?" ಅಂತ. ಮಾರನೇ ದಿನ ಬೆಲ್ಲದ ಡಬ್ಬಕ್ಕೆ ಇರುವೆ ಮುತ್ತಿತ್ತು. ಆ ಕಥೆಯಲ್ಲಿ ಇರುವೆಗಳಿಗೂ ಮನೆಯವರಿಗೂ ಒಂದು ಯುದ್ಧವೇ ಇದೆ. ನಾನು ಒದ್ದೆ ಬಟ್ಟೆ ಹಿಡಿದುಕೊಂಡು ಸುಮ್ನೆ ನಿಂತುಬಿಟ್ಟೆ, ಒರೆಸೋಕೆ ಕೈ ಬರಲಿಲ್ಲ. ಚಿಕ್ಕಪ್ಪನ ದುಡ್ಡಿನಲ್ಲಿ ಹಾಯಾಗಿರುವ ಆ ಮನೆಯವರು ಎಷ್ಟು ಒಳ್ಳೆಯವರ ಹಾಗೆ ಮಾತಾಡುತ್ತಾರೆ ಅಂದರೆ, ಅವರ ಜೊತೆ ನಾವೂ ಕಾಫಿ ಕುಡಿಯುತ್ತಿರುತ್ತೇವೆ. ಆಮೇಲೆ ಗೊತ್ತಾಗುತ್ತದೆ ಯಾರ ಜೊತೆ ಕೂತಿದ್ದೆವು ಅಂತ. ಹಾಗಾಗಿ ಅಭಿಪ್ರಾಯ ಬದಲಾಗಿದೆ. ಚೆನ್ನಾಗಿದೆ, ಆದರೆ ನೆಮ್ಮದಿಗೆ ಓದಬೇಡಿ. ಆ ಪದಕ್ಕೆ ನಿಘಂಟು ನೋಡೋದೂ ಬೇಡ. ಕಥೆ ಹೇಳುವವನ ಹೆಂಡತಿ ಅನಿತಾ, ಅವಳ ತವರಿನ ಮಕ್ಕಳು ಹುಟ್ಟಿಸಿದ ಮಾತು, ಬಿಡಿಸೋಕಾಗದ ಗಂಟಿಗೆ. ನಮ್ಮನೆ ಚಾರ್ಜರ್ ವೈರಿಗೆ ಈಗ ಅದೇ ಹೆಸರು.

ಈಗ ಇದು. ರಟ್ಟಿಗೆ ಪೇಪರ್ ಸುತ್ತಿದ್ದೇನೆ. ಪುಸ್ತಕದ ಹೆಸರು ಹೇಳಲ್ಲ, ಅಂಗಡಿಯದ್ದೂ ಹೇಳಲ್ಲ. ಒಂದು ಕೊಲೆ ಪತ್ತೇದಾರಿ, 350 ರೂಪಾಯಿ. ಅಡ್ಡಿಯಿಲ್ಲ, ಚೆನ್ನಾಗೇ ಓಡುತ್ತಿತ್ತು. 208ನೇ ಪುಟದ ಕೊನೆಯಲ್ಲಿ ಇನ್‌ಸ್ಪೆಕ್ಟರ್ ಮೆಟ್ಟಿಲು ಹತ್ತಿ ಬಾಗಿಲು ತಟ್ಟುತ್ತಾನೆ. ಎದುರು ಪುಟ ನೋಡಿದರೆ ಅವನು ಮತ್ತೆ ಜೀಪಿನಲ್ಲಿದ್ದಾನೆ, ಅದೇ ಬೀಡಾ ಅಗಿಯುತ್ತಿದ್ದಾನೆ. ನನಗೆ ರೋಮಾಂಚನ! ಇದೇನೋ ಹೊಸ ತಂತ್ರ, ಅದೇ ಘಟನೆಯನ್ನು ಬೇರೆ ಕಣ್ಣಿನಿಂದ ಹೇಳುತ್ತಾರೆ ಅಂದುಕೊಂಡೆ. ನಾಲ್ಕು ಪುಟ, ನಾಲ್ಕು ಪುಟ ಅದೇ ಭಕ್ತಿಯಿಂದ ಓದಿದೆ. ಪೆನ್ಸಿಲ್ಲಿನಲ್ಲಿ ಗೆರೆ ಕೂಡ ಹಾಕಿದೆ, ನೋಡಿ ಇಲ್ಲಿ, "ಎಂಥ ಧೈರ್ಯ!" ಅಂತ ಬರೆದಿದ್ದೇನೆ. ಆಮೇಲೆ ಪುಟದ ನಂಬರ್ ನೋಡಿದೆ. 196.

193ರಿಂದ 208 ಎರಡು ಸಲ ಬೈಂಡ್ ಆಗಿದೆ. 209ರಿಂದ 224 ಇಲ್ಲವೇ ಇಲ್ಲ. ಅಚ್ಚಿನವರು ಇದನ್ನು ಫಾರಂ ಅನ್ನುತ್ತಾರೆ. ದೊಡ್ಡ ಹಾಳೆಯಲ್ಲಿ ಹಿಂದೆ ಮುಂದೆ ಸೇರಿ 16 ಪುಟ ಒಟ್ಟಿಗೆ ಅಚ್ಚಾಗುತ್ತದೆ, ಅದನ್ನು ಮಡಚಿ, ಒಂದರ ಮೇಲೊಂದು ಜೋಡಿಸಿ ಹೊಲಿಯೋದೋ ಅಂಟಿಸೋದೋ ಮಾಡುತ್ತಾರೆ. ಜೋಡಿಸುವವರ ಕೈ ತಪ್ಪಿದರೆ ಹೀಗೆ. ಅವರನ್ನು ಬೈಯಲ್ಲ, ಆದರೆ ಕೊಲೆಗಾರ ಸಿಕ್ಕಿಬೀಳೋದು ಆ 16 ಪುಟದಲ್ಲೇ! 225ರಿಂದ ಎಲ್ಲರೂ "ಅವನು", "ಅವನು" ಅಂತಲೇ ಮಾತಾಡುತ್ತಾರೆ. ಹೆಸರು ಯಾಕೆ ಹೇಳುತ್ತಾರೆ, ಓದಿದವರಿಗೆ ಗೊತ್ತಿರುತ್ತಲ್ಲ.

ಅಂಗಡಿಗೆ ಫೋನ್ ಮಾಡಿದೆ. "ಬಿಲ್ ಇದೆಯಾ ಮೇಡಂ?" ಬಿಲ್ ಎಲ್ಲಿಟ್ಟೆನೋ ಗೊತ್ತಿಲ್ಲ. ಪುಸ್ತಕವೇ ಇದೆಯಲ್ಲ, ನೋಡಿ ಅಂದೆ. "ಬಿಲ್ ಇಲ್ಲದೆ ಆಗಲ್ಲ ಮೇಡಂ." ಮೂರು ಸಲ ಮಾಡಿದೆ, ಮೂರು ಸಲವೂ ಬೇರೆ ಬೇರೆ ದನಿ, ಉತ್ತರ ಅದೇ. ಅವರೂ 193ಕ್ಕೇ ವಾಪಸ್ ಹೋಗುತ್ತಿದ್ದರು.

ಕೊನೆಗೆ ಧಾರವಾಡದ ಗೆಳತಿ, "ಅಷ್ಟ್ಯಾಕ ಒದ್ದಾಡ್ತಿ, ನಾ ಫೋಟೊ ಹೊಡದು ಕಳಸ್ತೀನಿ ತಡಿ" ಅಂದಳು. ಕಳಿಸಿದಳು. ಮೊದಲು ಬಂದದ್ದು 217, ಆಮೇಲೆ 212. ಕೂತು ಜೋಡಿಸಿದೆ. 221ನೇ ಪುಟದ ಕೊನೇ ಸಾಲು, ಝೂಮ್ ಮಾಡಿ ತೋರಿಸುತ್ತೇನೆ ಇರಿ, "ಆ ರಾತ್ರಿ ಬಾಗಿಲು ತೆಗೆದವನು" ಅಂತ ಇದೆ. ಆಮೇಲೆ ಅವಳ ಹೆಬ್ಬೆರಳು. ಕೆಂಪು ನೇಲ್ ಪಾಲಿಶ್. ಮತ್ತೆ ಫೋನ್ ಮಾಡಿ ಕೇಳಿದರೆ ಅಣ್ಣನಂತೆ. ಅಣ್ಣ! ನಾನು ಎರಡು ದಿನ ಕೂತು ಅಡುಗೆಯವನ ಮೇಲೆ ಎಂಥ ಕಥೆ ಕಟ್ಟಿದ್ದೆ. ಹಾಲು ಉಕ್ಕಲಿಲ್ಲ. ಸರಿಯಾಗಿ ಹೇಳಬೇಕೆಂದರೆ, ಪುಟ ಇಲ್ಲದಿದ್ದಾಗಲೇ ಚೆನ್ನಾಗಿತ್ತು.

ಮೇಲಿನ ಸಾಲು ಒರೆಸಿಯಾಯ್ತು. ಇದು ಅಮ್ಮನದ್ದು, ತ್ರಿವೇಣಿಯವರ ‘ಶರಪಂಜರ’. ಅಮ್ಮನಿಗೆ ಪುಸ್ತಕ ಅಂದರೂ ಕಲ್ಪನಾನೇ. ಪುಟ್ಟಣ್ಣ ಕಣಗಾಲರ ಸಿನಿಮಾ ಬಂದದ್ದು 1971ರಲ್ಲಿ. ತ್ರಿವೇಣಿ 1963ರಲ್ಲೇ ತೀರಿಕೊಂಡಿದ್ದರು, ಇನ್ನೂ ಮೂವತ್ತನಾಲ್ಕು. ನಾನು ಸಿನಿಮಾ ಎಷ್ಟು ಸಲ ನೋಡಿದ್ದೆನೋ, ಪುಸ್ತಕ ಓದಿದ್ದು ಈಗ. ಬಾಣಂತನದ ಮೇಲೆ ಮನಸ್ಸು ಕೆಟ್ಟ ಕಾವೇರಿ ಆಸ್ಪತ್ರೆಯಿಂದ ಗುಣವಾಗಿಯೇ ಬರುತ್ತಾಳೆ. ಗುಣವಾಗದೆ ಉಳಿಯುವವರು ಮನೆಯವರು, ನೆರೆಯವರು. "ಆ ಗಂಡ ಸತೀಶನಿಗೆ ಎರಡು ಬಾರಿಸಬೇಕಿತ್ತು" ಅಂದೆ. ಅಮ್ಮ ಅವರೆಕಾಯಿ ಬಿಡಿಸುತ್ತಾ, "ಆಗ ಎಲ್ಲರ ಮನೆಯಲ್ಲೂ ಒಬ್ಬ ಸತೀಶ ಇದ್ದ ಕಣೇ" ಅಂದರು. ಯಾರು ಅಂತ ಕೇಳಿದೆ, ಅಮ್ಮ ಸಿಪ್ಪೆ ಎತ್ತಿಕೊಂಡು ಹೋದರು. ಅದು ಇರಲಿ.

ತೇಜಸ್ವಿಯವರ ‘ಕರ್ವಾಲೊ’ ಬಗ್ಗೆ ಏನೂ ಹೇಳಲ್ಲ. ಎಷ್ಟನೇ ಸಲ ಓದಿದ್ದೋ ಲೆಕ್ಕವಿಲ್ಲ. ಮಂದಣ್ಣ ಬಂದ ಕೂಡಲೇ ಹಾಲು ಒಲೆಯಿಂದ ಇಳಿಸಿಬಿಡುತ್ತೇನೆ, ಅನುಭವ ಇದೆ.

ಸರಿ, ದಪ್ಪದ್ದನ್ನು ವಾಪಸ್ ಇಟ್ಟರೆ ಈ ಶಾಟ್ ಮುಗೀತು. ಒಂದು ನಿಮಿಷ, ಒಳಗಿಂದ ಏನೋ ಬಿತ್ತು. ಬಿಲ್ಲು! ಹಡಗಿನ ಭಾಗದಲ್ಲಿ ಗುರುತಿಗೆ ಅಂತ ನಾನೇ ಇಟ್ಟಿದ್ದೆ. ಅದೇ ಅಂಗಡಿಯದ್ದು, ಎರಡನ್ನೂ ಒಟ್ಟಿಗೆ ತಂದಿದ್ದೇನೆ... ಅಯ್ಯೋ, ನೋಡಿ ಇಲ್ಲಿ. ಮಿಷನ್ನಿನ ಬಿಲ್ಲು ಅಲ್ವಾ, ಮಸಿ ಎಲ್ಲ ಹಾರಿ ಹೋಗಿದೆ. ಬೆಳಕಿಗೆ ಹಿಡಿದರೂ ಒಂದಕ್ಷರ ಇಲ್ಲ, ಬಿಳೀ ಚೀಟಿ.

ನಾಳೆ ತೆಗೆದುಕೊಂಡು ಹೋಗುತ್ತೇನೆ. ಬಿಲ್ ಕೇಳಿದ್ದರು, ಬಿಲ್ ಇದೆ.